ಗಾಳದಜ್ಜನ ರಾತ್ರಿಗಳು

ಗಂಜಿ ಉಕ್ಕಿ ಒಲೆಯ ಮೇಲೆ ಚೆಲ್ಲುವುದರಲ್ಲಿತ್ತು. ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದ ಅಜ್ಜಿ ಅಲ್ಲಿಂದಲೇ, "ಯಾರಾದ್ರೂ ಅದನ್ನ ಇಳಿಸ್ರೋ, ಪುಣ್ಯ ಬರುತ್ತೆ!" ಎಂದು ಕೂಗಿದಳು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಗಾಳದ ದಾರ ಸುತ್ತುತ್ತಿದ್ದ ಅಜ್ಜ ಎದ್ದುಹೋಗಿ, ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿ, ಮತ್ತೆ ಬಂದು ಕೂತ. ಬಟ್ಟೆ ಹಿಡಿಯಲಿಲ್ಲ, ಇಕ್ಕಳ ಹುಡುಕಲಿಲ್ಲ.

ಮೂಲೆಯಲ್ಲಿ ಬಟ್ಟೆಚೂರುಗಳನ್ನು ಜೋಡಿಸಿಕೊಂಡು ಆಡುತ್ತಿದ್ದ ಮೊಮ್ಮಗಳು ಗುಬ್ಬಿ ತಲೆಯೆತ್ತಿ ನೋಡಿದಳು.

"ಅಜ್ಜಾ, ನಿಂಗೆ ಸುಡಲ್ವಾ?"

"ಅಷ್ಟೇನೂ ಬಿಸಿ ಇಲ್ಲ ಮರಿ."

ಗುಬ್ಬಿಗೆ ಅನುಮಾನ. ಎದ್ದುಹೋಗಿ ಪಾತ್ರೆಗೆ ಒಂದು ಬೆರಳು ತಾಗಿಸಿ ನೋಡಿದಳು. ಅವಳು ಕಿರುಚಿದ ರಭಸಕ್ಕೆ ಅಜ್ಜಿ ಒದ್ದೆ ಬಟ್ಟೆಯ ಸಮೇತ ಓಡಿಬಂದಳು. ಮಗುವಿನ ಬೆರಳನ್ನು ನೀರಿಗೆ ಅದ್ದಿ, ಬಾಯಿಂದ ಊದಿ, ಏನಾಯಿತು ಎಂದು ಕೇಳಿದಳು. "ಅಜ್ಜ ಬಿಸಿ ಇಲ್ಲ ಅಂದ. ಅಜ್ಜ ಸುಳ್ಳ," ಎಂದಳು ಗುಬ್ಬಿ ಬಿಕ್ಕುತ್ತ.

ಅಜ್ಜಿ ಗಂಡನ ಕೈ ಹಿಡಿದು ತಿರುಗಿಸಿ ನೋಡಿದಳು. ಅಂಗೈ ಕೆಂಡದಂತೆ ಕೆಂಪಾಗಿತ್ತು; ಬೆರಳ ಬುಡದಲ್ಲಿ ಬೊಬ್ಬೆಗಳು ಏಳುತ್ತಿದ್ದವು. ಅವನು ತನ್ನ ಕೈಯನ್ನೇ ಬೇರೆಯವರ ಕೈ ಎಂಬಂತೆ ನೋಡುತ್ತಿದ್ದ.

"ಎಷ್ಟು ದಿನದಿಂದ?"

"ಏನು?"

"ಏನು ಅಂತ ನನ್ನನ್ನ ಕೇಳ್ಬೇಡಿ. ಕೈ. ಎಷ್ಟು ದಿನದಿಂದ ಹೀಗೆ?"

"ಮೊದಲು ಬೆರಳ ತುದಿ ಅಷ್ಟೇ ಇತ್ತು," ಎಂದ ಅಜ್ಜ. "ಈಗ ಸ್ವಲ್ಪ ಮೇಲೆ ಬಂದಿದೆ."

ಬಂದರಿನವರೆಲ್ಲ ಅವನನ್ನು ಗಾಳದಜ್ಜ ಎನ್ನುತ್ತಿದ್ದರು. ಅವನು ಬಲೆ ಬೀಸಿದವನಲ್ಲ. ಮೀಸೆ ಮೂಡುವ ಮೊದಲಿನಿಂದ ಕೈಗಾಳ ಹಿಡಿದವನು. ಕತ್ತಲಾದ ಮೇಲೆ ದೋಣಿ ಬಿಟ್ಟು, ನೀರೊಳಗಿನ ಕಲ್ಲುದಿಬ್ಬಗಳ ಮೇಲೆ ಲಂಗರು ಹಾಕಿ, ಕೆಂಬೇರಿ ಹಿಡಿಯುವುದು ಅವನ ಕಸುಬು. ಕೆಂಬೇರಿ ಅಂದರೆ ದಪ್ಪ ತಲೆಯ, ಬೆನ್ನಮೇಲೆ ಮುಳ್ಳಿನ ಸಾಲಿರುವ ಕೆಂಪು ಮೀನು. ಹಗಲು ಕಲ್ಲಿನ ಪೊಟರೆಯಲ್ಲಿ ಅಡಗಿದ್ದು ರಾತ್ರಿ ಮೇಯಲು ಹೊರಬರುತ್ತದೆ. ಅಲ್ಲಿ ಬಲೆ ಬಿಟ್ಟರೆ ಕಲ್ಲಿಗೆ ಸಿಕ್ಕಿ ಹರಿಯುತ್ತದೆ, ಅದಕ್ಕೆ ಗಾಳವೇ ಗತಿ. ಗಾಳದವನಿಗೆ ಬೆರಳೇ ಕಣ್ಣು. ಆಳದ ಕತ್ತಲಲ್ಲಿ ಮೀನು ಮೂಸುತ್ತಿದೆಯೋ ಕಚ್ಚಿದೆಯೋ ಎಂಬುದನ್ನು ತೋರುಬೆರಳಿನ ಮೇಲೆ ಹಾದ ದಾರವೇ ಹೇಳಬೇಕು. ಕೆಲವು ತಿಂಗಳಿಂದ ಅಜ್ಜ ಬರಿಗೈಯಲ್ಲಿ ಬರುತ್ತಿದ್ದ. "ಸೆಳೆತ ಜಾಸ್ತಿ," "ನೀರು ತಣ್ಣಗಾಗಿದೆ," "ಬೆಳದಿಂಗಳು," ಹೀಗೆ ಒಂದೊಂದು ದಿನ ಒಂದೊಂದು ನೆಪ. ಮನೆಯವರು ನಂಬಿದ್ದರು.

ಡಾಕ್ಟರು ಬೆರಳಿಗೆ ಸೂಜಿ ಚುಚ್ಚಿ ನೋಡಿದರು. ಅಜ್ಜ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದ. ಸಕ್ಕರೆ ಕಾಯಿಲೆ ನರಗಳನ್ನು ತಿಂದಿದೆ, ಮಾತ್ರೆ ತಗೊಂಡರೆ ಇನ್ನಷ್ಟು ಹದಗೆಡದಂತೆ ತಡೆಯಬಹುದು, ಹೋದದ್ದು ಪೂರ್ತಿ ಬರುವುದಿಲ್ಲ, ಗಾಯವಾದರೆ ಗೊತ್ತೇ ಆಗುವುದಿಲ್ಲ, ದಿನಾ ಯಾರಾದರೂ ಕೈಕಾಲು ನೋಡಬೇಕು ಎಂದರು.

ಆ ರಾತ್ರಿ ಊಟಕ್ಕೆ ಕೂತಾಗ ಮಗ ಮಾತು ತೆಗೆದ. ಅವನು ದರ್ಜಿ. ಬೀದಿಯ ಕಡೆಗಿದ್ದ ಕೋಣೆಯಲ್ಲಿ ಅವನ ಮೆಷಿನ್ ಬೆಳಗಿನಿಂದ ಸಂಜೆಯವರೆಗೆ ಗರಗರ ಎನ್ನುತ್ತಿತ್ತು. ಗಾಳದವನ ಮಗ ದರ್ಜಿ ಯಾಕಾದ ಎಂದರೆ, ಅವನಿಗೆ ಸಮುದ್ರ ಆಗಿಬರುತ್ತಿರಲಿಲ್ಲ. ಹುಡುಗನಾಗಿದ್ದಾಗ ಅಪ್ಪನ ಜೊತೆ ಒಂದು ಸಲ ಹೋಗಿ ಪಿತ್ತ ಬೀಳುವವರೆಗೆ ಕಕ್ಕಿದವನು ಮತ್ತೆ ದೋಣಿ ಹತ್ತಿರಲಿಲ್ಲ.

"ಸಾಕಪ್ಪ ಇನ್ನು. ನಾಳೆನೇ ದೋಣಿಯ ಮೋಟಾರ್ ಬಿಚ್ಚಿ ತರ್ತೀನಿ. ಯಾರಾದ್ರೂ ಗಿರಾಕಿ ಸಿಕ್ಕಿದ್ರೆ ಕೊಟ್ಟುಬಿಡೋಣ."

"ನಿನ್ನ ಮೆಷಿನ್ ತಂಟೆಗೆ ನಾನು ಬರ್ತೀನಾ?"

"ನನ್ನ ಮೆಷಿನ್ ನನ್ನನ್ನ ಮುಳುಗಿಸಲ್ಲ. ದೋಣಿಯ ಜೊತೆಗಾರ ಬಿಟ್ಟುಹೋದ ಮೇಲೆ ಇನ್ನೊಬ್ಬನ್ನ ನೋಡ್ಕೋತೀನಿ ಅಂದೆ. ನೋಡ್ಕೊಂಡ್ಯಾ? ಕೈಗೆ ಜೀವ ಇಲ್ಲದೆ ಒಬ್ಬನೇ ಹೋಗ್ತಿದ್ದೀಯ. ಗಾಳ ಚುಚ್ಚಿ ರಕ್ತ ಸೋರಿದ್ರೂ ನಿಂಗೆ ಗೊತ್ತಾಗಲ್ಲ."

"ಅವ್ರು ಊಟ ಮಾಡ್ಲಿ, ಆಮೇಲೆ ಮಾತಾಡಿ," ಎಂದಳು ಸೊಸೆ. ಅವಳು ಐಸ್ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿಯವಳು. ನಸುಕಿಗೇ ಎದ್ದು ಹೋಗಬೇಕು. "ಮಾವ, ನಮ್ಮಿಬ್ಬರ ದುಡಿಮೆ ಇದೆಯಲ್ಲ. ಇಷ್ಟು ವರ್ಷ ನೀವು ಸಾಕಿದ್ರಿ. ಕಾಲು ಚಾಚಿ ಮಲಗಿ ಇನ್ಮೇಲೆ."

ಅಜ್ಜ ಹೆಂಡತಿಯ ಕಡೆ ನೋಡಿದ. ಅವಳು ಅವನ ತಟ್ಟೆಗೆ ಮೀನಿನ ಸಾರು ಬಡಿಸುತ್ತ, ಮುಖ ಎತ್ತದೆ, "ಮಗ ಹೇಳೋದು ಸರಿ," ಎಂದಳು.

ಅಜ್ಜ ಊಟ ಬಿಟ್ಟು ಏಳಲಿಲ್ಲ. ಕೊನೆಯ ತುತ್ತಿನವರೆಗೂ ತಿಂದು, ತಟ್ಟೆ ತೊಳೆದಿಟ್ಟು, ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂತ.

ಕಾಲು ಚಾಚಿ ಮಲಗುವುದು ಅಷ್ಟು ಸುಲಭವಾಗಿರಲಿಲ್ಲ. ಅಜ್ಜ ಅಜ್ಜಿಯ ಮದುವೆಯಾಗಿ ನಲವತ್ತು ವರ್ಷ ದಾಟಿತ್ತು. ಬಿರುಗಾಳಿಯ ದಿನಗಳನ್ನು ಬಿಟ್ಟರೆ ಅಷ್ಟೂ ಕಾಲ ಅವನು ರಾತ್ರಿ ನೀರಿನ ಮೇಲೆ, ಅವಳು ಮಂಚದ ಮೇಲೆ. ಬೆಳಗ್ಗೆ ಅವನು ಬಂದು ಅವಳು ಎದ್ದ ಹಾಸಿಗೆಯಲ್ಲಿ, ಅವಳ ಬಿಸಿ ಇನ್ನೂ ಆರದ ಜಾಗದಲ್ಲಿ ಮಲಗುತ್ತಿದ್ದ. ಮಗ ಹುಟ್ಟಿದ್ದಾದರೂ ಹೇಗೆ ಎಂದು ನಲ್ಲಿಯ ಹತ್ತಿರ ಹೆಂಗಸರು ಛೇಡಿಸಿದರೆ ಅಜ್ಜಿ, "ಆ ವರ್ಷ ಬಿರುಗಾಳಿ ಜಾಸ್ತಿ ಇತ್ತು ಕಣ್ರೇ," ಎನ್ನುತ್ತಿದ್ದಳು.

ಈಗ ಒಂದೇ ಮಂಚ, ಇಬ್ಬರೂ ಒಟ್ಟಿಗೆ. ಅಜ್ಜನಿಗೆ ಕತ್ತಲಾಯಿತೆಂದರೆ ಕಣ್ಣು ಅರಳುತ್ತಿತ್ತು. ಮಗ್ಗುಲು ಬದಲಿಸುತ್ತಿದ್ದ, ಎದ್ದು ಕೂರುತ್ತಿದ್ದ, ಕಿಟಕಿಗೆ ಹೋಗಿ ಗಾಳಿ ಎಲ್ಲಿಂದ ಬೀಸುತ್ತಿದೆ ಎಂದು ಮೂಸುತ್ತಿದ್ದ. ಆಮೇಲೆ ಅಡುಗೆಮನೆಗೆ ಹೋಗಿ ಚಹಾ ಕಾಯಿಸುತ್ತಿದ್ದ. ಕೈಗೆ ಸ್ಪರ್ಶ ಇಲ್ಲದ್ದರಿಂದ ಲೋಟ ಜಾರಿ ಬೀಳುತ್ತಿತ್ತು. ಒಂದು ರಾತ್ರಿ ಕಿರುಗುಡುವ ಬಚ್ಚಲ ಬಾಗಿಲಿಗೆ ಎಣ್ಣೆ ಹಾಕಲು ಹೋಗಿ ಬಾಗಿಲನ್ನೇ ಕಳಚಿಟ್ಟ. ಇನ್ನೊಂದು ರಾತ್ರಿ ಸಹಾಯ ಮಾಡುತ್ತೇನೆಂದು ಮಗನ ದಾರದ ಉಂಡೆಗಳನ್ನೆಲ್ಲ ಒಂದೇ ರೀಲಿಗೆ ಸುತ್ತಿಟ್ಟ. ಹಗಲೆಲ್ಲ ಜಗಲಿಯಲ್ಲಿ ಬಾಯಿ ತೆರೆದು ನಿದ್ದೆ. ಬಟ್ಟೆ ಅಳತೆಗೆ ಬಂದವರು ಅವನನ್ನು ದಾಟಿಕೊಂಡು ಒಳಗೆ ಹೋಗಬೇಕಿತ್ತು.

ಅಜ್ಜಿಯ ಪಾಡು ಬೇರೆ. ಪಕ್ಕದಲ್ಲಿ ಉಸಿರಾಟ ಕೇಳಿಸಿದರೆ ಅವಳಿಗೆ ನಿದ್ದೆ ಬಾರದು. ಮೊದಲ ವಾರ ಸಹಿಸಿದಳು. ಎರಡನೆಯ ವಾರ ಚಾಪೆ ತಗೊಂಡು ಅಡುಗೆಮನೆಯಲ್ಲಿ ಮಲಗಿದಳು. ಚಹಾ ಕಾಯಿಸಲು ಬಂದ ಅಜ್ಜ ಕತ್ತಲಲ್ಲಿ ಅವಳನ್ನು ಎಡವಿ ಬಿದ್ದ. ಇಡೀ ಮನೆ ಎದ್ದಿತು.

ಬೆಳಗ್ಗೆ ಸೊಸೆ ತಡೆಯಲಾರದೆ ಬಾಯಿಬಿಟ್ಟಳು. "ಅತ್ತೆ, ತಪ್ಪು ತಿಳ್ಕೋಬೇಡಿ. ನಿನ್ನೆ ಐಸ್ ಗಡ್ಡೆಗೆ ಒರಗಿಕೊಂಡು ನಿಂತಲ್ಲೇ ನಿದ್ದೆ ಮಾಡಿದೀನಿ ನಾನು. ಮೇಸ್ತ್ರಿ ಬಂದು ಎಬ್ಬಿಸಿದ. ಇನ್ನೊಂದು ಸಲ ಹೀಗಾದ್ರೆ ಕೆಲಸ ಇಲ್ಲ ಅಂದಿದಾನೆ."

"ನಿದ್ದೆ ಮಾತ್ರೆ ತಂದ್ಕೊಡ್ತೀನಿ ಅಪ್ಪನಿಗೆ," ಎಂದ ಮಗ.

"ನನಗೆ ನಿದ್ದೆ ಇದೆ," ಎಂದ ಅಜ್ಜ. "ರಾತ್ರಿ ಇಲ್ಲ ಅಷ್ಟೇ."

"ಅಜ್ಜ ಗೂಬೆ," ಎಂದಳು ಗುಬ್ಬಿ ರೊಟ್ಟಿ ಅಗಿಯುತ್ತ. ಯಾರೂ ನಗಲಿಲ್ಲ. ಅಜ್ಜ ಮಾತ್ರ ಹೌದೆಂದು ತಲೆಯಾಡಿಸಿದ.

ಆ ರಾತ್ರಿ ಯಾರಿಗೂ ತೊಂದರೆಯಾಗಬಾರದೆಂದು ಅಜ್ಜ ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ಅಜ್ಜಿಯೂ ಸೆರಗು ಹೊದ್ದುಕೊಂಡು ಬಂದಳು.

"ನನ್ನ ಜೊತೆ ಮಲಗೋಕೂ ಆಗಲ್ವಾ ನಿಂಗೆ?" ಎಂದು ಅವನು ಕೇಳಿದ. ಅವನು ಕೇಳಿದ ರೀತಿಗೆ ಅವಳಿಗೆ ಪಿಚ್ಚೆನಿಸಿತು.

"ಆಗಲ್ಲ ಅಂದ್ನಾ? ಅಭ್ಯಾಸ ಇಲ್ಲ. ಮದುವೆಯಾದ ಹೊಸದರಲ್ಲಿ ನೀವು ಮನೇಲಿಲ್ಲದೆ ನಿದ್ದೆ ಬರ್ತಿರಲಿಲ್ಲ. ಅತ್ತೂ ಅತ್ತೂ ಅದನ್ನ ಕಲಿತೆ. ಈಗ ಇದನ್ನ ಕಲೀಬೇಕು. ಈ ವಯಸ್ಸಲ್ಲಿ ಎಷ್ಟು ಅಂತ ಕಲೀಲಿ?"

ಗಾಳಿ ಇರಲಿಲ್ಲ. ಬಂದರಿನ ಕಡೆಯಿಂದ ಹಗ್ಗ ಕಿರುಗುಟ್ಟುವ ಸದ್ದು ಕೇಳುತ್ತಿತ್ತು.

"ಈಗ ಅಲ್ಲಿ ಹೇಗಿರುತ್ತೆ?" ಎಂದಳು ಅಜ್ಜಿ.

"ಎಲ್ಲಿ?"

"ಅಲ್ಲಿ. ನೀವು ಇಷ್ಟು ವರ್ಷ ಇದ್ರಲ್ಲ, ಅಲ್ಲಿ."

ಅವನು ಹೇಳಲು ಹೊರಟ. ನೀರಿನ ಬಣ್ಣ, ಲಂಗರು ಕಲ್ಲಿಗೆ ತಾಗುವ ಸದ್ದು, ದೀಪಕ್ಕೆ ಮುತ್ತುವ ಸಣ್ಣ ಮೀನು. ಎಲ್ಲವನ್ನೂ ಅರ್ಧರ್ಧ ಹೇಳಿ, "ಹೇಳೋಕೆ ಬರಲ್ಲ ನಂಗೆ," ಎಂದ.

"ಹಾಗಾದ್ರೆ ತೋರಿಸಿ."

"ಯಾವಾಗ?"

"ಬೆಳಗ್ಗೆ ಅಂದ್ರೆ ಮಗ ಬಿಡ್ತಾನಾ? ಈಗ ನಡೀರಿ."

ಮೋಟಾರು ಮಗನ ಕೋಣೆಯಲ್ಲಿ, ಮೆಷಿನ್ ಪಕ್ಕದಲ್ಲಿತ್ತು. ಅದನ್ನು ಮುಟ್ಟಿದರೆ ಮನೆ ಏಳುತ್ತದೆ. ಹುಟ್ಟು, ಗಾಳ, ಲಾಟೀನು ಮಾತ್ರ ಹಿತ್ತಿಲಲ್ಲೇ ಇದ್ದವು. ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳರಂತೆ ಓಣಿ ದಾಟಿದರು. ದೋಣಿಯಲ್ಲಿ ಒಂದು ಹುಟ್ಟು ಅವನು, ಒಂದು ಅವಳು. ಅವನ ಕೈ ಜಾರದಂತೆ ಅವಳು ತನ್ನ ಸೆರಗಿನ ಅಂಚು ಹರಿದು ಹುಟ್ಟಿಗೆ ಕಟ್ಟಿದಳು. ಅವಳ ತೋಳಿನ ಬಲ ಸಾಲದೆ ದೋಣಿ ಬಂದರಿನೊಳಗೇ ಗಾಣದೆತ್ತಿನಂತೆ ಸುತ್ತು ಹೊಡೆಯಿತು.

"ನೀವು ಸ್ವಲ್ಪ ಮೆಲ್ಲಗೆ ಹಾಕಿ!"

"ನೀನು ಸ್ವಲ್ಪ ಜೋರಾಗಿ ಹಾಕು!"

"ಬಾಯಿ ಮಾಡ್ಬೇಡಿ, ಯಾರಾದ್ರೂ ಎದ್ದಾರು."

ಬಂದರಿನ ದೀಪ ಕಾಣುವಷ್ಟು ಹತ್ತಿರದ ಕಲ್ಲುದಿಬ್ಬದ ಮೇಲೆ ಲಂಗರು ಇಳಿಸಿದರು. ಅಜ್ಜ ಗಾಳಕ್ಕೆ ಎರೆಯೆಂದು ಅಡುಗೆಮನೆಯಿಂದ ತಂದಿದ್ದ ಮೀನಿನ ಚೂರು ಸಿಕ್ಕಿಸಲು ಹೋದರೆ ಗಾಳವೇ ಬೆರಳಿಗೆ ಸಿಕ್ಕುವಂತಾಯಿತು. ಅಜ್ಜಿ ಕಸಿದುಕೊಂಡು ತಾನೇ ಸಿಕ್ಕಿಸಿದಳು. ಇಡೀ ಜೀವಮಾನ ಮೀನು ಕೊಯ್ದ ಕೈ. ಭಾರದ ಗುಂಡು ತಳ ಮುಟ್ಟಿದ ಮೇಲೆ ಒಂದು ಮೊಳ ಮೇಲೆತ್ತಿ ಹಿಡಿ ಎಂದ ಅಜ್ಜ. ದಾರವನ್ನು ಅವಳ ತೋರುಬೆರಳಿನ ಮೇಲೆ ಹಾಯಿಸಿ, ತಾನು ಸುಮ್ಮನೆ ಅವಳ ಮುಖ ನೋಡುತ್ತ ಕೂತ.

"ಏನನ್ನಿಸ್ತಿದೆ?"

"ಕಾಳು ಆರಿಸಿದ ಹಾಗೆ. ಚುಟು ಚುಟು."

"ಚಿಕ್ಕವು. ಕುಟುಕ್ತಾವೆ. ಬಿಡು, ಎಳೀಬೇಡ."

ಬಹಳ ಹೊತ್ತು ಹಾಗೇ ಕಳೆಯಿತು. ಅಜ್ಜಿ ತಲೆ ಮೇಲಿನ ಆಕಾಶವನ್ನು ನೋಡಿದಳು, ಸುತ್ತಲಿನ ಕಪ್ಪು ನೀರನ್ನು ನೋಡಿದಳು. ಇಷ್ಟು ದೊಡ್ಡದರಲ್ಲಿ ಇವನು ಒಬ್ಬನೇ ಕೂತಿರುತ್ತಿದ್ದನೇ ಎಂದುಕೊಂಡಳು. ಇದ್ದಕ್ಕಿದ್ದಂತೆ ಅವಳ ಮುಖ ಬದಲಾಯಿತು.

"ಏನು? ಏನನ್ನಿಸ್ತು, ಹೇಳು!"

"ಅಯ್ಯೋ... ಹೊಟ್ಟೆಯೊಳಗೆ ಮಗು ಒದ್ದ ಹಾಗೆ ಕಣ್ರಿ. ಒಂದು ಸಲ ಒದ್ದು ಸುಮ್ಮನಾಯ್ತು. ನಿಮಗೆಲ್ಲಿ ಗೊತ್ತಾಗ್ಬೇಕು ಅದು."

ಅಜ್ಜ ಅರೆಕ್ಷಣ ಬೆರಗಾದ. ಇಷ್ಟು ವರ್ಷದಲ್ಲಿ ಅದಕ್ಕೆ ಅವನಿಗೆ ಮಾತು ಸಿಕ್ಕಿರಲಿಲ್ಲ. "ಅದೇ," ಎಂದ ಪಿಸುದನಿಯಲ್ಲಿ. "ಅದೇ ಕೆಂಬೇರಿ. ಇನ್ನೊಂದು ಸಲ ಒದೆಯೋ ತನಕ ತಡಿ... ಒದೀತಾ? ಎಳಿ! ನಿಲ್ಲಿಸ್ಬೇಡ, ನಿಲ್ಲಿಸಿದ್ರೆ ಕಲ್ಲಿನೊಳಗೆ ನುಗ್ಗುತ್ತೆ!"

ಅವಳು ಎಳೆದಳು. ಎಲ್ಲ ದೇವರನ್ನೂ ಕರೆದಳು, ಗಂಡನನ್ನೂ ಬೈದಳು, ಆದರೆ ಎಳೆಯುವುದನ್ನು ನಿಲ್ಲಿಸಲಿಲ್ಲ. ದೀಪದ ಬೆಳಕಿಗೆ ನೀರಿನಿಂದ ಕೆಂಪಗೆ, ಗುಬ್ಬಿಯ ತೋಳಿನುದ್ದದ ಮೀನು ಎದ್ದುಬಂತು. ಅಜ್ಜ ಮುಳ್ಳು ತಾಗದಂತೆ ಒದ್ದೆ ಗೋಣಿ ಹೊದಿಸಿ ಅದನ್ನು ಒಳಗೆಳೆದುಕೊಂಡ. ಅಜ್ಜಿ ಕೂತಲ್ಲೇ ನಗತೊಡಗಿದಳು. ನಗು ನಿಲ್ಲಿಸಲಾಗದೆ ಕಣ್ಣೊರೆಸಿಕೊಂಡಳು.

ನಸುಕಿನಲ್ಲಿ ಇಬ್ಬರೂ ಮನೆಗೆ ಬಂದಾಗ ಮಗ ಬಾಗಿಲಲ್ಲಿ ನಿಂತಿದ್ದ. ಓಣಿಯ ಎರಡು ತುದಿಯನ್ನೂ ಹುಡುಕಿ ಬಂದಿದ್ದ ಅವನ ಕಾಲು ಕೆಸರಾಗಿತ್ತು.

"ಎಲ್ಲಿಗೆ ಹೋಗಿದ್ರಿ?"

ಇಬ್ಬರೂ ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಮಕ್ಕಳಂತೆ ನಿಂತರು. ಅಜ್ಜಿ ಬೆನ್ನ ಹಿಂದೆ ಹಿಡಿದಿದ್ದ ಮೀನಿನ ಬಾಲ ಕಾಣುತ್ತಿತ್ತು.

"ಹೇಳಿ ಹೋಗೋಕೆ ಏನಾಗಿತ್ತು? ಈ ವಯಸ್ಸಲ್ಲಿ... ಮೋಟಾರೂ ಇಲ್ಲದೆ... ಅಮ್ಮ, ನಿಂಗೆ ಈಜು ಬರುತ್ತಾ?"

"ನಿನ್ನ ಅಪ್ಪನಿಗೆ ಬರುತ್ತೆ."

"ಅಪ್ಪನಿಗೆ ಬಂದ್ರೆ ನೀನು ತೇಲ್ತೀಯಾ?"

"ಕೂಗಾಡ್ಬೇಡ ಕಣೋ, ಅಕ್ಕಪಕ್ಕದವರು ಏನಂದ್ಕೊಂಡಾರು."

"ಅಂದ್ಕೊಳ್ಳೋದೇನು! ಅಪ್ಪ ಅಮ್ಮ ರಾತ್ರೋರಾತ್ರಿ ಓಡಿಹೋದ್ರು ಅಂತಾರೆ!"

ಕೆಲಸಕ್ಕೆ ಹೊರಟು ನಿಂತಿದ್ದ ಸೊಸೆಗೆ ನಗು ತಡೆಯಲಾಗಲಿಲ್ಲ. ಗಂಡ ಅವಳನ್ನು ಕೆಂಗಣ್ಣಿನಿಂದ ನೋಡಿದ. "ನೀನೂ ನಗು."

"ನಗದೆ ಏನ್ಮಾಡ್ಲಿ? ಒಂದು ಮಾತು ಹೇಳ್ತೀನಿ ಕೇಳಿ. ನಿನ್ನೆ ರಾತ್ರಿ ಈ ಮನೆ ಎಷ್ಟು ನೆಮ್ಮದಿಯಾಗಿತ್ತು ಗೊತ್ತಾ? ಎಷ್ಟೋ ವಾರದ ಮೇಲೆ ನಾನು ನಿದ್ದೆ ಮಾಡಿದೆ. ಅತ್ತೆ ಮುಖ ನೋಡಿ ಒಂದು ಸಲ. ನಮ್ಮ ಮದುವೆಯಾದಾಗಿನಿಂದ ಅವ್ರನ್ನ ಹೀಗೆ ನೋಡಿದೀನಾ ನಾನು?"

ಮಗ ತಾಯಿಯ ಮುಖ ನೋಡಿದ. ಕೂದಲು ಕೆದರಿತ್ತು, ಕೆನ್ನೆಗೆ ಮೀನಿನ ಪೊರೆ ಅಂಟಿತ್ತು. ಅವನು ಒಳಗೆ ಹೋಗಿ ಮೆಷಿನ್ ತುಳಿಯತೊಡಗಿದ. ಬರೀ ತುಳಿಯುತ್ತಿದ್ದ, ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.

ಜಗಳ ಎರಡು ದಿನ ನಡೆಯಿತು. ಊಟದ ಹೊತ್ತಿಗೆ ನಿಂತು, ತಟ್ಟೆ ತೊಳೆದ ಮೇಲೆ ಮತ್ತೆ ಶುರುವಾಗುತ್ತಿತ್ತು. ಕೊನೆಗೆ ಮಗ ಸೋತು ಷರತ್ತು ಹಾಕಿದ. ಗಾಳಿ ಇಲ್ಲದ ರಾತ್ರಿ ಮಾತ್ರ. ಮೋಟಾರು ಹಾಕಿಕೊಂಡೇ ಹೋಗಬೇಕು. ಪಕ್ಕದ ಮನೆಯ ಡೀಸೆಲ್‌ನ ದೋಣಿ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು. ಡೀಸೆಲ್ ಎಂಬುದು ಮನೆಗಿಂತ ಹೆಚ್ಚು ತನ್ನ ಎಂಜಿನ್ ಪಕ್ಕದಲ್ಲೇ ಬದುಕುವ ಮೀನುಗಾರನ ಅಡ್ಡಹೆಸರು. ಬೆಳಕು ಹರಿಯುವಷ್ಟರಲ್ಲಿ ಮನೆಯಲ್ಲಿರಬೇಕು. ಮತ್ತು ಮಗನೇ ರಾತ್ರಿಯೆಲ್ಲ ಕೂತು ನೀರಿಗೆ ಬಿದ್ದರೆ ತೇಲಿಸುವಂತಹ, ಗಾಳಿ ತುಂಬಿದ ಪಟ್ಟೆಗಳಿರುವ ಅಂಗಿಯೊಂದನ್ನು ತಾಯಿಗೆಂದು ಹೊಲಿದ. ಅವಳು ಅದನ್ನು ತೊಟ್ಟು ಕನ್ನಡಿಯಲ್ಲಿ ನೋಡಿಕೊಂಡು, "ಬಸುರಿ ಥರ ಕಾಣ್ತೀನಿ," ಎಂದಳು.

ಅಜ್ಜಿ ರಾತ್ರಿ ಪಾಳಿಗೆ ಸೇರಿದ್ದರಿಂದ ಬೆಳಗಿನ ಮನೆಕೆಲಸ ಮಗನ ತಲೆಗೆ ಬಿತ್ತು. ಮೊದಲ ದಿನ ಗಂಜಿ ತಳ ಹಿಡಿಯಿತು. ಎರಡನೆಯ ದಿನ ಉಪ್ಪು ಎರಡು ಸಲ ಬಿತ್ತು. ಗುಬ್ಬಿಯ ಜಡೆ ಮಾತ್ರ ಅವನ ಕೈಯಲ್ಲಿ ಹೊಲಿಗೆ ಹಾಕಿದಷ್ಟು ನೇರವಾಗಿ, ಬಿಗಿಯಾಗಿ ಬರುತ್ತಿತ್ತು. "ಅಪ್ಪ, ಕಣ್ಣು ಮುಚ್ಚೋಕೆ ಆಗ್ತಿಲ್ಲ, ಸಡಿಲ ಮಾಡು," ಎಂದು ಅವಳು ಅಳುತ್ತಿದ್ದಳು. ಸೊಸೆ ಪಾಳಿ ಮುಗಿಸಿ ಬರುವಾಗ ಐಸ್ ಚೂರು ತರುತ್ತಿದ್ದಳು. ಮೀನು ಮಾರಲು ತಾನೇ ಬುಟ್ಟಿ ಹೊತ್ತುಕೊಂಡು ಹೋಗುತ್ತಿದ್ದಳು. ಬಂದರಿನ ಪಡ್ಡೆಗಳು, "ಏನು ಗಾಳದಜ್ಜ, ಹನಿಮೂನ್ ಜೋರಾ?" ಎಂದು ಕೂಗಿದರೆ ಅಜ್ಜಿಯೇ ತಿರುಗಿ, "ನಿಮ್ಮ ಹೆಂಡ್ತೀರನ್ನ ಕೇಳಿ ನೋಡ್ರೋ, ನಿಮ್ಮ ಜೊತೆ ಒಂದು ರಾತ್ರಿ ದೋಣೀಲಿ ಕೂರ್ತಾರಾ ಅಂತ," ಎಂದು ಬಾಯಿ ಮುಚ್ಚಿಸುತ್ತಿದ್ದಳು.

ದೋಣಿಯ ಮೇಲೆ ಎಲ್ಲವೂ ಸಕ್ಕರೆಯಂತಿರಲಿಲ್ಲ. ಮೀನು ಕಚ್ಚಿದಾಗ ಅಜ್ಜನಿಗೆ ಮೈಮೇಲೆ ಬಂದಂತಾಗುತ್ತಿತ್ತು. "ಹಿಡಿ! ಬಿಡು! ಹಾಗಲ್ವೇ, ನಿನ್ನ ತಲೆ!" ಎಂದು ಅರಚುತ್ತಿದ್ದ. ಒಂದು ರಾತ್ರಿ ದೊಡ್ಡದೊಂದು ತಪ್ಪಿಸಿಕೊಂಡಾಗ ಅವನು ಅಂದ ಮಾತಿಗೆ ಅವಳು ದಾರ ಕೆಳಗಿಟ್ಟು, ಕೈ ಕಟ್ಟಿಕೊಂಡು ಕೂತಳು.

"ಈಗ ನೀವೇ ಹಿಡೀರಿ."

ಅವನು ದಾರ ಎತ್ತಿಕೊಂಡ. ಬೆರಳಿನ ಮೇಲೆ ಹಾಯಿಸಿದ. ಕಣ್ಣು ಮುಚ್ಚಿ ಕೂತ. ಅವಳು ನೋಡುತ್ತಲೇ ಇದ್ದಳು. ದಾರ ಅವನ ಬೆರಳ ಮೇಲೆ ಕಣ್ಣಿಗೆ ಕಾಣುವಂತೆ ಎರಡು ಸಲ ಅದುರಿತು. ಅವನಿಗೆ ತಿಳಿಯಲಿಲ್ಲ. ಅವಳು ಮೆಲ್ಲಗೆ ಅವನ ಕೈಯಿಂದ ದಾರ ತಗೊಂಡಳು. ಅವತ್ತಿನಿಂದ ಅವನು ಕೂಗುವುದನ್ನು ಕಡಿಮೆ ಮಾಡಿದ. ಪೂರ್ತಿ ಬಿಡಲು ಅವನಿಂದಾಗಲಿಲ್ಲ.

ಮನೆಗೆ ಬಂದ ಮೇಲೆ ಅವಳು ಬಿಸಿನೀರು ತಂದು, ಕಿಟಕಿಯ ಬೆಳಕಿಗೆ ಅವನನ್ನು ಕೂರಿಸಿ, ಒಂದೊಂದೇ ಬೆರಳು ಬಿಡಿಸಿ ನೋಡುತ್ತಿದ್ದಳು. ಹೆಬ್ಬೆರಳಿನಲ್ಲಿ ಮೀನಿನ ಮುಳ್ಳು, ಅಂಗೈಯಲ್ಲಿ ಹಗ್ಗ ಕೊಯ್ದ ಗೆರೆ, ಏನಾದರೊಂದು ಇದ್ದೇ ಇರುತ್ತಿತ್ತು. ತೆಗೆದು, ತೊಳೆದು, ಮುಲಾಮು ಹಚ್ಚುತ್ತಿದ್ದಳು. "ನೋವಾಗ್ತಿದ್ಯಾ?" ಎಂದು ಅಭ್ಯಾಸಬಲದಿಂದ ಕೇಳುತ್ತಿದ್ದಳು. "ಆಗ್ತಿದೆ ಆಗ್ತಿದೆ," ಎನ್ನುತ್ತಿದ್ದ ಅವನು, ಅವಳು ಇನ್ನಷ್ಟು ಹೊತ್ತು ಹಿಡಿದಿರಲಿ ಎಂದು. ಆಮೇಲೆ ಇಬ್ಬರೂ ಅದೇ ಮಂಚದಲ್ಲಿ, ಹಗಲು ಬೆಳಕಿನಲ್ಲಿ, ಮೆಷಿನ್ ಸದ್ದಿನ ನಡುವೆ, ಮಧ್ಯಾಹ್ನದವರೆಗೆ ಗೊರಕೆ ಹೊಡೆಯುತ್ತಿದ್ದರು.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಅವರು ಬರಲಿಲ್ಲ.

ಮಗ ಬಾಗಿಲು ತೆರೆದಾಗ ಎದುರಿನ ಮನೆಯೇ ಕಾಣುತ್ತಿರಲಿಲ್ಲ. ಅಷ್ಟು ದಟ್ಟ ಮಂಜು. ಗಂಜಿ ಆರಿತು. ಗುಬ್ಬಿ ಒಂದೇ ಜಡೆಯಲ್ಲಿ ಕೂತಿದ್ದಳು. ಇನ್ನೊಂದನ್ನು ಹಾಕುವಷ್ಟು ತಾಳ್ಮೆ ಅವನಿಗಿರಲಿಲ್ಲ. ಪಕ್ಕದ ಮನೆಗೆ ಓಡಿದರೆ ಡೀಸೆಲ್ ಆಕಳಿಸುತ್ತ ಹೊರಬಂದ.

"ನನ್ನ ಎಂಜಿನ್ ಕೆಮ್ಮೋಕೆ ಶುರುಮಾಡ್ತು, ಬೇಗ ವಾಪಸ್ ಬಂದೆ. ಅವರೂ ಹಿಂದೇನೇ ಬರ್ತೀವಿ ಅಂದ್ರಲ್ಲ..."

"ಬಂದಿಲ್ಲ."

ಡೀಸೆಲ್‌ನ ಆಕಳಿಕೆ ನಿಂತುಹೋಯಿತು. "ಎಂಜಿನ್ ಸರಿ ಮಾಡಿದೀನಿ. ನಾನು ಹೋಗಿ ನೋಡ್ತೀನಿ. ನೀನು ಇಲ್ಲೇ ಇರು, ನಿಂಗೆ ಆಗಲ್ಲ."

ಮಗ ಆಗಲೇ ಬಂದರಿನ ಕಡೆ ನಡೆಯುತ್ತಿದ್ದ. ಮಗುವನ್ನು ನೋಡಿಕೊಳ್ಳಲು ಡೀಸೆಲ್‌ನ ಹೆಂಡತಿಗೆ ನಡೆಯುತ್ತಲೇ ಕೂಗಿ ಹೇಳಿ, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿರುವಾಗಲೇ ದೋಣಿ ಹತ್ತಿದ.

ಬಂದರು ದಾಟುವಷ್ಟರಲ್ಲೇ ಅವನ ಮುಖ ಬಿಳಿಚಿಕೊಂಡಿತು. ಹಲ್ಲು ಕಚ್ಚಿ ದೋಣಿಯ ಅಂಚು ಹಿಡಿದು ನಿಂತ. ಎತ್ತ ನೋಡಿದರೂ ಹತ್ತಿ ಹಿಂಜಿ ಹರಡಿದಂತಹ ಬಿಳುಪು. ಡೀಸೆಲ್ ಆಗಾಗ ಎಂಜಿನ್ ನಿಲ್ಲಿಸಿ ಕಿವಿಗೊಡುತ್ತಿದ್ದ. ನೀರಿನ ಸದ್ದು ಬಿಟ್ಟರೆ ಏನಿಲ್ಲ. ಮತ್ತೆ ಸ್ವಲ್ಪ ದೂರ. ಮತ್ತೆ ಕಿವಿಗೊಡುವುದು.

ಠಣ್ ಠಣ್ ಠಣ್. ಸ್ವಲ್ಪ ತಡೆದು, ಠಣ್ ಠಣ್.

"ಅಮ್ಮ," ಎಂದ ಮಗ.

"ಹೇಗೆ ಹೇಳ್ತೀಯ?"

"ತಟ್ಟೆ ಬಡೀತಿದಾಳೆ. ನಾನು ಓಣಿಯಲ್ಲಿ ಆಡ್ತಿದ್ದಾಗ ಊಟಕ್ಕೆ ಹೀಗೇ ಕರೀತಿದ್ಲು. ಆ ಕಡೆ ನಡಿ, ಆ ಕಡೆ!"

ಸದ್ದಿನ ಜಾಡು ಹಿಡಿದು ದೋಣಿ ಮೆಲ್ಲನೆ ಹೋಯಿತು. ಸದ್ದು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ಹಠಾತ್ತನೆ ನಿಂತುಹೋಯಿತು. ತಟ್ಟೆ ಏನಕ್ಕೋ ಬಡಿದು ಬಿದ್ದ ಸದ್ದು, ಆಮೇಲೆ ಮೌನ.

ಮಗ ಮುಂದಕ್ಕೆ ಬಾಗಿದ. "ಅಮ್ಮಾ!" ಎಂದು ಕೂಗಿದ. ಉತ್ತರವಿಲ್ಲ. "ಅಮ್ಮಾ! ಅಪ್ಪಾ!" ಅವನ ದನಿ ಒಡೆದು ಚಿಕ್ಕ ಹುಡುಗನ ದನಿಯಂತಾಯಿತು.

ಆಗ ಮಂಜಿನೊಳಗಿಂದ ಅಜ್ಜಿಯ ದನಿ ಖಣಖಣಿಸುತ್ತ ಬಂತು: "ಬಿಡ್ಬೇಡಿ ಅಂದ್ನಲ್ಲ! ಮೊಣಕೈಗೆ ಸುತ್ಕೊಳ್ಳಿ! ನಿಮ್ಮ ತಲೆ!"

ಮಂಜು ತುಸು ಸರಿದಾಗ ದೋಣಿ ಕಂಡಿತು. ಅದು ಲಂಗರಿನ ಮೇಲೆ ನೆಟ್ಟಗೆ ನಿಂತಿತ್ತು. ಮಂಜು ಕವಿದಾಗ ಕುರುಡಾಗಿ ಮೋಟಾರು ಓಡಿಸುವುದಕ್ಕಿಂತ ಇದ್ದಲ್ಲೇ ಇರುವುದು ಲೇಸೆಂದು ಅಜ್ಜ ಕದಲಿರಲಿಲ್ಲ. ಕಾಯುತ್ತ ಸುಮ್ಮನೆ ಯಾಕೆ ಕೂರುವುದೆಂದು ಅಜ್ಜಿ ಗಾಳ ಬಿಟ್ಟಿದ್ದಳು. ಈಗ ಮುಂದೆ ಅವಳು, ಹಿಂದೆ ಅವನು, ಇಬ್ಬರೂ ಒಂದೇ ದಾರಕ್ಕೆ ಜೋತುಬಿದ್ದು ಎಳೆಯುತ್ತಿದ್ದರು. ಕೆಳಗಿನಿಂದ ಏನೋ ಅವರನ್ನು ಎಳೆಯುತ್ತಿತ್ತು.

ಮಗ ಏನೋ ಹೇಳಲು ಬಾಯಿ ತೆರೆದ. ಬೈಯಬೇಕೆಂದಿದ್ದನೋ, ಅಳಬೇಕೆಂದಿದ್ದನೋ. ಎರಡೂ ಆಗದೆ ದೋಣಿಯ ಅಂಚಿಗೆ ಬಾಗಿ, ಕರುಳು ಕಿತ್ತು ಬರುವಂತೆ ಕಕ್ಕಿದ.

ಅಜ್ಜಿ ಒಂದೇ ಕ್ಷಣ ತಿರುಗಿ ನೋಡಿದಳು. "ಅಯ್ಯೋ ನನ್ನ ಕಂದ, ನೀನ್ಯಾಕೆ ಬಂದೆ! ಸ್ವಲ್ಪ ತಡ್ಕೋ. ಮೊದಲು ಇದನ್ನ ಎಳ್ಕೊಂಡು ಆಮೇಲೆ ನಿನ್ನನ್ನ ನೋಡ್ತೀನಿ."

ಡೀಸೆಲ್ ಎಂಜಿನ್‌ಗೆ ತಲೆ ಆನಿಸಿ ನಕ್ಕ.

ಕೆಂಬೇರಿ ಮೇಲೆ ಬಂತು. ಅಷ್ಟು ದೊಡ್ಡದನ್ನು ಅಜ್ಜನೂ ಅಪರೂಪಕ್ಕೆ ಕಂಡಿದ್ದ. ಅದನ್ನು ಗೋಣಿಯಡಿ ಮಲಗಿಸಿ, ಕೈ ತೊಳೆದು, ಅಜ್ಜಿ ಮಗನನ್ನು ತಮ್ಮ ದೋಣಿಗೆ ದಾಟಿಸಿಕೊಂಡಳು. ಸೆರಗನ್ನು ನೀರಿಗೆ ಅದ್ದಿ ಅವನ ಮುಖ ಒರೆಸಿದಳು. ಬೆನ್ನು ನೀವಿದಳು. "ಏನಾದ್ರೂ ತಿಂದು ಬಂದ್ಯಾ?" ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿ, "ನಾನು ಅಂದ್ಕೊಂಡೆ..." ಎಂದು ಶುರುಮಾಡಿದವನು ಮುಂದುವರಿಸಲಿಲ್ಲ. ಅವಳ ತೊಡೆಯ ಮೇಲೆ ತಲೆಯಿಟ್ಟು, ಕಾಲು ಮಡಚಿ ಮಲಗಿದ. ರಾತ್ರಿಯೆಲ್ಲ ಕಿಟಕಿಗೂ ಮೆಷಿನ್‌ಗೂ ಓಡಾಡಿದ್ದ ದೇಹ. ಲಂಗರು ಎತ್ತುವಷ್ಟರಲ್ಲಿ ನಿದ್ದೆ ಹೋಗಿತ್ತು.

ಮುಂದೆ ಡೀಸೆಲ್‌ನ ದೋಣಿ ದಾರಿ ತೋರುತ್ತ ಹೋಯಿತು. ಅಜ್ಜ ಮೋಟಾರಿನ ಹಿಡಿಯನ್ನು ಕಂಕುಳಲ್ಲಿ ಅವುಚಿಕೊಂಡು ಕೂತಿದ್ದ. ಅವನ ಕಣ್ಣು ದಾರಿಯ ಮೇಲಿರುವುದಕ್ಕಿಂತ ಹೆಚ್ಚಾಗಿ ಮಗನ ಮುಖದ ಮೇಲಿತ್ತು.

"ಇವನು ಮಲಗಿದಾಗ ಬಾಯಿ ತೆರೀತಾನಾ?" ಎಂದು ಕೇಳಿದ.

"ಹುಟ್ಟಿದಾಗಿನಿಂದ. ಒಂದೊಂದು ಸಲ ಹಲ್ಲೂ ಕಡೀತಾನೆ."

"ನಂಗೊತ್ತೇ ಇರ್ಲಿಲ್ಲ."

"ರಾತ್ರಿ ಮನೇಲಿದ್ದಿದ್ರೆ ತಾನೆ ಗೊತ್ತಾಗೋದು?" ಎಂದಳು ಅಜ್ಜಿ, ಮಗನ ಹಣೆಯ ಕೂದಲು ಸರಿಸುತ್ತ. ಆಕ್ಷೇಪದ ದನಿಯಲ್ಲ ಅದು.

ಅಜ್ಜ ಭುಜ ಬಾಗಿಸಿ ಮೋಟಾರಿನ ವೇಗ ತಗ್ಗಿಸಿದ. ಸದ್ದು ಮೆಲ್ಲಗಾಯಿತು. ಮುಂದಿನ ದೋಣಿಯಿಂದ ಡೀಸೆಲ್ ತಿರುಗಿ, "ಏನಾಯ್ತು ಗಾಳದಜ್ಜ, ಎಣ್ಣೆ ಮುಗೀತಾ?" ಎಂದು ಕೂಗಿದ.

ಅಜ್ಜ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದ. ಬಂದರು ಮುಟ್ಟಲು ಅವತ್ತು ಬಹಳ ಹೊತ್ತು ಹಿಡಿಯಿತು.